ಒಂದೇ ಬಾವುಟ

ಮೊನ್ನೆ ಜರ್ಸಿ ಸಿಟಿಯಲ್ಲಿ ಮಗಳ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿದಾಗ ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಯಾರೋ ಹಚ್ಚಿಕೊಂಡು ಆಗಷ್ಟೇ ಇಳಿದುಹೋಗಿರಬೇಕು. ಬೇರೆಯವರಿಗೆ ಆ ವಾಸನೆಯಿಂದ ನೆಗಡಿಯೋ ಅಮ್ಮನ ಕೈಯೋ ನೆನಪಾಗುತ್ತದೇನೋ. ನನಗೆ ನಮ್ಮ ಕೋಚ್ ನೆನಪಾದ. ಮಗಳ ಮಹಡಿ ಬರುವಷ್ಟರಲ್ಲಿ ಹಲ್ಲು ಕಚ್ಚಿಕೊಂಡಿದ್ದೆ.

‘ನಮ್ಮ’ ಅಂದೆ. ಅದೂ ಸರಿಯೋ ಇಲ್ಲವೋ…

ಎಂಬತ್ತರ ದಶಕದ ಕೊನೆ. ನಾನಾಗ ಪಿಎಚ್‌ಡಿ ಮಾಡುತ್ತಿದ್ದೆ. ಈಸ್ಟ್ ಬ್ರನ್ಸ್‌ವಿಕ್ ಹತ್ತಿರದ ಪಾರ್ಕೊಂದರಲ್ಲಿ ಬೇಸಿಗೆಯಿಡೀ ನಮ್ಮ ಕ್ರಿಕೆಟ್. ಎಲೆ ಉದುರುವ ಹೊತ್ತಿಗೆ ಅದೇ ಮೈದಾನ ಆಸ್ಟ್ರೇಲಿಯಾದವರದಾಗುತ್ತಿತ್ತು. ಅವರ ಫುಟ್‌ಬಾಲ್ ಬೇರೆ ಥರದ್ದು. ಮೊಟ್ಟೆಯಾಕಾರದ ಚೆಂಡು, ಒದೆಯಬಹುದು, ಹಾರಿ ಹಿಡಿಯಬಹುದು. ಆಡಲು ಕ್ರಿಕೆಟ್ಟಿನಂಥ ದುಂಡು ಮೈದಾನವೇ ಬೇಕು. ಜನ ಸಾಲದೆ ಒಂದಷ್ಟು ಐರಿಷ್ ಹುಡುಗರನ್ನೂ ನಮ್ಮ ಮಂಗಳೂರಿನ ಗೆಳೆಯನೊಬ್ಬನನ್ನೂ ಸೇರಿಸಿಕೊಂಡಿದ್ದರು. ಅವನ ಹಿಂದೆ ನಾನೂ ಹೋದೆ.

ಕೋಚ್ ವಾರವೆಲ್ಲ ಮನೆಗಳಿಗೆ ಕಾರ್ಪೆಟ್ ಹಾಕುತ್ತಿದ್ದ. ಮೆಲ್ಬರ್ನ್‌ನ ದೊಡ್ಡ ಲೀಗಿನಲ್ಲಿ ಎರಡು ಸೀಸನ್ ಆಡಿದ್ದನಂತೆ. ಮಂಡಿ ಹೋಯಿತು. ಆಮೇಲೆ ಸಣ್ಣ ಊರುಗಳ ತಂಡಗಳಿಗೆ ಕೋಚ್ ಆಗಿ, ಒಂದೊಂದರಲ್ಲೂ ಯಾರನ್ನೋ ಬೈದು ಹೊರಬಿದ್ದಿದ್ದ. ಇದನ್ನೆಲ್ಲ ಅವನೇ ಹೇಳಿದನೋ, ಚೂರುಪಾರು ಕೇಳಿ ನಾನೇ ಹೊಂದಿಸಿಕೊಂಡೆನೋ, ಖಚಿತವಿಲ್ಲ. ಆ ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಲೇ ಎಲ್ಲರನ್ನೂ ಹಂಗಿಸುತ್ತಿದ್ದದ್ದು ಮಾತ್ರ ಖಚಿತ.

ಮೊದಲ ದಿನ ಅವನು ಚೆಂಡನ್ನು ಆಕಾಶಕ್ಕೆ ಒದ್ದು ನನ್ನ ಕಡೆ ಕೈ ತೋರಿದ. ನಾನು ಕ್ರಿಕೆಟ್ಟಿನ ಅಭ್ಯಾಸದಂತೆ ಕೆಳಗೆ ನಿಂತು, ಬೊಗಸೆಯೊಡ್ಡಿ, ಒಂದಿಷ್ಟೂ ಜಾರದಂತೆ ಹಿಡಿದೆ. ಅವರ ಆಟದಲ್ಲಿ ಎಗರಿ ತಲೆಯ ಮೇಲೆ ಹಿಡಿಯಬೇಕು.

“ನೋಡ್ರೋ, ಪ್ರೊಫೆಸರ್ ತೀರ್ಥ ತಗೊಳ್ಳೋ ಹಾಗೆ ನಿಂತಿದ್ದಾನೆ!”

ಅವನಿಗೆ ತೀರ್ಥ ಎಲ್ಲಿ ಗೊತ್ತು? ಚರ್ಚಿನದೇನನ್ನೋ ಅಂದಿರಬೇಕು, ಇಷ್ಟು ವರ್ಷಗಳಲ್ಲಿ ನಾನೇ ಅದನ್ನು ಹೀಗೆ ತಿರುಗಿಸಿಕೊಂಡಿದ್ದೇನೆ. ನಗೆ ಮಾತ್ರ ಹಾಗೇ ಕಿವಿಯಲ್ಲಿದೆ. “ನೀನು ಓಡೋದೇನೂ ಬೇಡ. ಬಾವುಟ ಹಿಡ್ಕೊಂಡು ನಿಂತ್ಕೋ,” ಅಂದ.

ಹೀಗೆ ನಾನು ಗೋಲ್ ಅಂಪೈರ್ ಆದೆ. ಪ್ರತಿ ತಂಡವೂ ತನ್ನವನೊಬ್ಬನನ್ನು ಒಂದೊಂದು ತುದಿಗೆ ನಿಲ್ಲಿಸುವುದು ಅಲ್ಲಿನ ಪದ್ಧತಿ. ಚೆಂಡು ನಡುವಿನ ಎರಡು ಕಂಬಗಳ ಮಧ್ಯೆ ಹಾದರೆ ಆರು ಪಾಯಿಂಟ್, ಎರಡು ಬಾವುಟ. ಕಂಬಕ್ಕೆ ತಾಗಿದರೆ ಒಂದೇ ಪಾಯಿಂಟ್, ಒಂದೇ ಬಾವುಟ. ಅವನು ಕಲಿಸಿದ ಪಾಠ ಇಷ್ಟೇ: “ಅನುಮಾನ ಬಂದ್ರೆ ಕಮ್ಮಿ ಕೊಡು. ನನ್ನ ಟೀಮಿಗಾದ್ರೂ ಅಷ್ಟೇ.” ಇದೊಂದರಲ್ಲಿ ಅವನು ನ್ಯಾಯವಂತ. ಒಪ್ಪಿಕೊಳ್ಳಲು ಈಗಲೂ ಕಷ್ಟ.

ಮೂರನೆಯ ವರ್ಷ ಅವನ ಸ್ವಂತ ಊರಿನ ಕ್ಲಬ್ಬಿನ ಹಳೆಯ ಆಟಗಾರರು ನಮ್ಮೊಡನೆ ಪಂದ್ಯ ಆಡಲು ಆಸ್ಟ್ರೇಲಿಯಾದಿಂದ ಪ್ರವಾಸ ಬಂದರು. ಜೊತೆಗೆ ಕ್ಲಬ್ಬಿನ ಅಧ್ಯಕ್ಷ. ಆ ದಿನ ಕೋಚ್ ಯಾರನ್ನೂ ಬೈಯಲಿಲ್ಲ. “ಗೆದ್ರೆ ನನ್ನ ಊರಿಗೆ ಕರ್ಕೊಂಡು ಹೋಗ್ತಾರೆ. ಕೋಚ್ ಆಗಿ. ಮಾತು ಕೊಟ್ಟಿದ್ದಾರೆ,” ಅಂದ. ದನಿ ಬೇಡುವವನಂತಿತ್ತು. ಅದನ್ನು ಕೇಳಿ ನನಗೆ ಖುಷಿಯಾಯಿತು. ಬರೆಯಲು ನಾಚಿಕೆ, ಆದರೆ ಆಯಿತು.

ಕೊನೆಯ ನಿಮಿಷ, ನಾಲ್ಕು ಪಾಯಿಂಟ್ ಹಿಂದಿದ್ದೆವು. ಮಂಗಳೂರಿನವನ ಕೈಗೆ ಚೆಂಡು ಸಿಕ್ಕಿತು. ಕೋಚ್ ಕುಂಟುತ್ತಾ ಬಂದು ನನ್ನ ಹಿಂದೆಯೇ ನಿಂತಿದ್ದ. ಅವನ ಏದುಸಿರು ಕೇಳುತ್ತಿತ್ತು. ಗೆಳೆಯ ಒದ್ದ. ಚೆಂಡು ಎಡಗಂಬದ ಒಳಮೈಗೆ ಕೂದಲೆಳೆಯಷ್ಟು ಹತ್ತಿರದಲ್ಲಿ ಹಾದುಬಂತು. ಟಿಣ್ ಅಂದಿತು… ನಮ್ಮ ಕಂಬಗಳೆಂದರೆ ನಲ್ಲಿ ಪೈಪುಗಳು, ಗಾಳಿಗೆ ಬೆಳಿಗ್ಗೆಯಿಂದ ಟಿಣ್ ಟಿಣ್ ಅನ್ನುತ್ತಲೇ ಇದ್ದವು.

ಒಂದೇ ಬಾವುಟ ಬೀಸಿದೆ.

ಸೀಟಿ ಊದಿದರು, ಮೂರು ಪಾಯಿಂಟಿನಿಂದ ಸೋತೆವು. ಬೈಗುಳಕ್ಕೆ ಸಿದ್ಧನಾಗಿ ತಿರುಗಿದೆ. ಅವನು ಮೆಲ್ಲಗೆ ಕೇಳಿದ, “ನಿನಗೆ ಅನುಮಾನ ಇತ್ತಾ?”

“ಇತ್ತು.”

ಬಾವುಟಗಳನ್ನು ನನ್ನ ಕೈಯಿಂದ ತೆಗೆದುಕೊಂಡ. “ಹಾಗಾದ್ರೆ ಸರಿ. ಇನ್ನು ನಿನ್ನ ಮುಖ ಇಲ್ಲಿ ಕಾಣಿಸಬಾರದು.” ಆಚೆ ಅಧ್ಯಕ್ಷರು ಆಗಲೇ ವ್ಯಾನ್ ಹತ್ತಿದ್ದರು.

ವಾಪಸು ಡ್ರೈವ್ ಮಾಡುವಾಗ ಗೆಳೆಯ ಕೇಳಿದ, “ಎಂತ ಮಾರಾಯಾ, ನಿಜವಾಗಿ ತಾಗಿತಾ?”

“ಸದ್ದು ಬಂತಲ್ಲ.”

“ಸದ್ದು ಬೆಳಿಗ್ಗೆಯಿಂದ ಬರ್ತಾ ಇತ್ತು.”

ಇದನ್ನು ಬರೆಯುವ ಮುನ್ನ ಅಂದಿನ ಡೈರಿ ತೆಗೆದು ನೋಡಿದೆ. ‘ಜೋರು ಗಾಳಿ. ಅವನು ಸೋತ’ ಎಂದಷ್ಟೇ ಇದೆ. ಕಂಬದ ಮಾತೇ ಇಲ್ಲ.

ಹೋದ ಚಳಿಗಾಲ ಆ ಗೆಳೆಯನೇ ಫೋನ್ ಮಾಡಿ ಹೇಳಿದ, ಕೋಚ್ ತೀರಿಕೊಂಡನಂತೆ. ಇಲ್ಲೇ ನ್ಯೂಜರ್ಸಿಯಲ್ಲಿ, ಬಾಡಿಗೆ ಮನೆಯಲ್ಲಿ. ಊರಿಗೆ ಹೋಗಲೇ ಇಲ್ಲ. ಬೇರೆ ಯಾವ ತಂಡವೂ ಸಿಗಲಿಲ್ಲ. ನನಗೆ ಕಣ್ಣೀರು ಬರಲಿಲ್ಲ, ಬಂತೆಂದು ಬರೆಯುವುದೂ ಇಲ್ಲ. ಅವನು ನನಗೆ ಇಷ್ಟವಾಗಿರಲಿಲ್ಲ, ಈಗಲೂ ಇಲ್ಲ. ಆದರೆ ಆ ಚೆಂಡನ್ನು ನನ್ನಷ್ಟೇ ಹತ್ತಿರದಿಂದ ನೋಡಿದವನು ಅವನೊಬ್ಬನೇ. ನೋಡಿಯೂ ತಾಗಿತೋ ಇಲ್ಲವೋ ಅನ್ನಲಿಲ್ಲ, ನನಗೆ ಅನುಮಾನವಿತ್ತೇ ಎಂದು ಮಾತ್ರ ಕೇಳಿದ. ನನ್ನ ಮನೆಯಿಂದ ಇಪ್ಪತ್ತು ಮೈಲಿ ದೂರದಲ್ಲಿ ಇಷ್ಟು ವರ್ಷ ಇದ್ದ, ಒಂದು ದಿನ ಹೋಗಿ ಬಾಗಿಲು ತಟ್ಟಿ, ಅಂದು ‘ಇತ್ತು’ ಎಂದ ನನ್ನ ಉತ್ತರ ಸುಳ್ಳಿರಬಹುದು ಎನ್ನಬಹುದಿತ್ತು… ಈಗ ಯಾರಿಗೆ ಹೇಳಲಿ.