ಸತ್ತವರಿಗಾಗಿ ನಿಲ್ಲುವ ಆಟ

ಸರ್ವಮಂಗಳಮ್ಮ ಚೇಳೂರಿನವಳು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟಳು. ಗುಬ್ಬಿಯ ಚನ್ನವೀರಯ್ಯನ ಕೈಹಿಡಿದು ತುಮಕೂರಿಗೆ ಬಂದಳು. ಅವನು ಕುಣಿಗಲ್ ಬಸ್ಸಿನ ಕಂಡಕ್ಟರು. ಬಾಯಿ ತುಂಬ ಕಥೆ.

ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಆಟ. ಅವನೇ ಕಟ್ಟಿದ ಆಟ. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬೆಟ್ಟ, ಕೋಟೆ, ರಾಕ್ಷಸನ ಗವಿ ಬರೆಯುತ್ತಿದ್ದ. ಮಹಾದೇವಯ್ಯ ಮೇಷ್ಟ್ರು ಮಂತ್ರವಾದಿ. ಟೈಲರ್ ಅಂಜನಮೂರ್ತಿ ಕಳ್ಳ. ಟೈರಿನಂಗಡಿ ರಾಮಾಂಜಿನಯ್ಯ ಪಾಳೆಗಾರ. ಸರ್ವಮಂಗಳಮ್ಮ ಬೇಟೆಗಾತಿ. ಚನ್ನವೀರಯ್ಯ ಕಥೆ ಹೇಳುತ್ತಿದ್ದ. ಗೆಲುವು ಸೋಲು ಕವಡೆ ಬಿದ್ದಂತೆ.

ಆಟದೊಳಗೆ ಯಾರಾದರೂ ಸತ್ತರೆ ಎಲ್ಲರೂ ಕವಡೆ ಕೆಳಗಿಡಬೇಕು. ಉಳಿದವರು ಹೆಣ ಹೊತ್ತು ಮಣ್ಣು ಮಾಡಬೇಕು. ಸತ್ತವನು ಯಾರಿಗೆ ಏನು ಮಾತು ಕೊಟ್ಟಿದ್ದನೋ ಅದನ್ನು ನಡೆಸಬೇಕು. ಅಲ್ಲಿಯ ತನಕ ಯುದ್ಧವಿಲ್ಲ, ನಿಧಿಯಿಲ್ಲ. ಒಮ್ಮೆ ಪಾಳೆಗಾರ ಸತ್ತಾಗ ರಾಮಾಂಜಿನಯ್ಯ, "ಬೇಗ ಹೂತಾಕ್ರಪ್ಪಾ, ಹೆಣ ಆಗಿ ಕೂತು ಕೂತು ಸೊಂಟ ನೋಯ್ತಿದೆ" ಎಂದು ಎಲ್ಲರನ್ನೂ ನಗಿಸಿದ್ದ.

ಎಂಬತ್ತೈದನೇ ಇಸವಿಯ ಬೇಸಿಗೆಯಲ್ಲಿ ಚನ್ನವೀರಯ್ಯ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ.

ತಿಂಗಳು ತುಂಬುವ ಮೊದಲೇ ಮೂವರೂ ಬಂದರು. ಮೇಷ್ಟ್ರ ಕಂಕುಳಲ್ಲಿ ಒಂದು ಪೆಟ್ಟಿಗೆ. ಅವರ ಬಾಮೈದ ಫಾರಿನ್ನಿಂದ ತಂದ ಆಟ. ದಪ್ಪ ಪುಸ್ತಕ, ಹತ್ತಾರು ಮುಖದ ದಾಳಗಳು.

"ಅಕ್ಕಾ, ನಮ್ದೂ ಇದೂ ಎರಡೂ ಆಡಿ, ಯಾವ್ದು ಮೇಲು ಅಂತ ನೋಡೋಣ ಅಂತ," ಎಂದರು ಮೇಷ್ಟ್ರು.

ಅವಳು ಮೇಜಿನ ಮುಂದೆ ಕುಳಿತಳು.

"ನೋಡಿ, ಎಲ್ಲಾದಕ್ಕೂ ರೂಲ್ಸ್ ಇದೆ. ಜಗಳಾನೇ ಬರಲ್ಲ," ಎಂದರು ಮೇಷ್ಟ್ರು, ಮೊದಲು ಪೆಟ್ಟಿಗೆಯ ಆಟ ಹೂಡುತ್ತ.

"ಜಗಳ ಇಲ್ದಿದ್ರೆ ಭಾನುವಾರ ಯಾಕ್ ಬೇಕು?" ಎಂದ ಅಂಜನಮೂರ್ತಿ.

ಅಷ್ಟರಲ್ಲಿ ದಾಳ ಉರುಳಿ ರಾಮಾಂಜಿನಯ್ಯನ ವೀರ ಸತ್ತ.

"ತಲೆ ಕೆಡಿಸ್ಕೊಬೇಡ ಬುಡು," ಎಂದರು ಮೇಷ್ಟ್ರು. "ಐದು ನಿಮಿಷದಲ್ಲಿ ಇನ್ನೊಬ್ಬನ್ನ ಮಾಡ್ಕೊ. ನಮ್ಮಾಟದಲ್ಲಿ ಬರೀ ಹೆಣ ಹೊರೋದೇ ಆಗೋಗಿತ್ತು. ಇದೇ ವಾಸಿ."

ಸರ್ವಮಂಗಳಮ್ಮ ದಾಳಗಳನ್ನೆಲ್ಲ ಗೋರಿ ಪೆಟ್ಟಿಗೆಗೆ ಸುರಿದಳು.

"ಸತ್ತೋನು ಸತ್ತ, ಇನ್ನೊಬ್ಬನ್ನ ಮಾಡ್ಕೊ. ಅಲ್ವಾ ಮೇಷ್ಟ್ರೇ?"

"ಅಯ್ಯೋ ಅಕ್ಕಾ, ಆಟದ ಮಾತು..."

"ಆಟ ಕಟ್ಟಿದೋರೇ ಹೋದ್ರಲ್ಲ, ನೀವು ಕೆಳಗಿಟ್ಟಿದ್ದೇನು? ಬಂದ್ರಿ, ಮಣ್ಣಾಕಿದ್ರಿ, ಉಂಡ್ರಿ, ಹೋದ್ರಿ. ಗುಬ್ಬೀಲಿ ಅವ್ರವ್ವನ ಮನೆ ಹೆಂಚು ಕೈಯಾಡಿಸಿ ಒಡೆದಿದ್ದು ಬದಲಾಯಿಸ್ತೀನಿ ಅಂತ ಅವ್ರು ಮಾತು ಕೊಟ್ಟಿದ್ರು. ನಿಮ್ಮೆದುರಿಗೇ ಕೊಟ್ಟಿದ್ರು. ಮಳೆ ತಲೆ ಮೇಲೆ ಬಂತು. ಯಾವನಾದ್ರೂ ಕೇಳಿದ್ರಾ? ಏನ್ಲಾ ಟೈಲರೂ, ನೀನು?"

ಅಂಜನಮೂರ್ತಿ ಎದ್ದು ಚಪ್ಪಲಿ ಹುಡುಕಿದ.

"ನಿಮ್ಗೆ ಆ ಪೆಟ್ಟಿಗೇನೇ ಸರಿ. ಎತ್ಕೊಂಡು ನಡೀರಿ."

ಮುಂದಿನ ಭಾನುವಾರ ಮೂವರೂ ಗುಬ್ಬಿಯ ಮನೆಯ ಸೂರಿನ ಮೇಲಿದ್ದರು. ಅವಳು ಕೆಳಗೆ ನಿಂತಿದ್ದಳು. "ಅದಲ್ಲ, ಪಕ್ಕದ್ದು ಒಡೆದಿರೋದು. ಮಂತ್ರ ಹಾಕೋರಿಗೆ ಕಣ್ಣು ಕಾಣಲ್ವಾ?"

ಮೇಷ್ಟ್ರು ಇಳಿದು ಬಂದು ಮಸಿಗೈ ಒರೆಸಿಕೊಂಡರು.

"ಅಕ್ಕಾ, ಹಂಗಾದ್ರೆ ಮುಂದಿನ ವಾರ... ಯಾವ ಆಟ?"

ಅವಳ ಸಿಟ್ಟು ಇಳಿದಿರಲಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

"ಹಿತ್ಲು ಕಡೆ ಸೂರು ಹಂಗೇ ಇದೆ," ಎಂದಳು. "ಹತ್ತಿ."