ಬಾಗಿಲಲ್ಲಿ ನಿಂತ ಮೂರು ರವಿವಾರ

1927ರ ಚಳಿಗಾಲ. ಆಗ ನನಗೆ ಇಪ್ಪತ್ತಾರು ವರ್ಷ. ಬೆಳಗಾವಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಓದು. ಮಾಸ್ತರಕಿಯ ತರಬೇತಿಯಲ್ಲಿ ಹತ್ತಿದ ಈ ಶಿಸ್ತು ಎಂಬತ್ತರ ಹತ್ತಿರ ಬಂದರೂ ಬಿಟ್ಟಿಲ್ಲ. ನಾನು ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿದ್ದೇನೆ. ನಾನೇ ನಿಂತದ್ದು ಒಂದೇ ಸಲ.

ಆಗ ಊರಿಗೆ ಹತ್ತಿಕೊಂಡ ವಡಗಾವಿಯಲ್ಲಿ ನಮ್ಮದೊಂದು ಸಹೋದರ ಮಂಡಳಿ ಇತ್ತು. ನೇಕಾರರು, ಮಾಸ್ತರರು, ಗುಮಾಸ್ತರು, ಅಂಗಡಿಕಾರರು ಎಲ್ಲರೂ ಅದರಲ್ಲಿದ್ದರು. ಯಾರ ಮನೆಯಲ್ಲಿ ಜಡ್ಡಾದರೂ ಪಾಳಿಯ ಪ್ರಕಾರ ಹೋಗಿ ರೋಗಿಯ ಹತ್ತಿರ ಕೂಡುವುದು, ಹೆಣಕ್ಕೆ ಹೆಗಲು ಕೊಡುವುದು, ರವಿವಾರ ಬೆಳಿಗ್ಗೆ ಏಳಕ್ಕೆ ಒಟ್ಟಿಗೆ ಸೇರುವುದು. ಒಳಗೆ ಬಂದ ಮೇಲೆ ಜಾತಿ, ಹುದ್ದೆ ಏನೂ ಇಲ್ಲ, ಎಲ್ಲರೂ ಅಣ್ಣಂದಿರೇ.

ಹೊಸದಾಗಿ ಸೇರುವವನು ಹನ್ನೊಂದು ಮಾತು ಕೊಡಬೇಕಿತ್ತು. ಅವನ್ನು ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಒಬ್ಬ ಹಿರಿಯ ಬಾಯಿಂದಲೇ ಕಲಿಸುತ್ತಿದ್ದ. ಅವನಿಗೆ 'ಕೈ ಹಿಡಿದ ಅಣ್ಣ' ಎನ್ನುತ್ತಿದ್ದೆವು. ಸೇರುವ ದಿನ ಸಭೆಯೆದುರಿನ ಕಟ್ಟೆಯ ಮೇಲೆ ಅವರಿಬ್ಬರೇ ನಿಲ್ಲಬೇಕು, ಮೂರನೆಯವನು ಹತ್ತುವಂತಿಲ್ಲ. ಹಿರಿಯ ಹೊಸಬನ ಎಡಹೆಗಲ ಮೇಲೆ ಕೈಯಿಟ್ಟು ಒಂದೊಂದೇ ಮಾತು ಹೇಳಬೇಕು, ಹೊಸಬ ಅದನ್ನು ತಿರುಗಿ ಹೇಳಬೇಕು. ಹಿರಿಯನೇ ತಪ್ಪಿದರೆ ಅವನು ಮುಂದೆ ಯಾರ ಕೈಯನ್ನೂ ಹಿಡಿಯುವಂತಿಲ್ಲ. ಇನ್ನೊಂದು ನೇಮ: ಯಾರಾದರೂ ಮಂಡಳಿಯ ಕಟ್ಟಳೆ ಮುರಿದರೆ ಮೂರು ರವಿವಾರ ಸಭೆ ಮುಗಿಯುವವರೆಗೆ ಬಾಗಿಲಲ್ಲಿ ನಿಲ್ಲಬೇಕು. ಅವನ ಕೈ ಹಿಡಿದ ಅಣ್ಣನೂ ಜೊತೆಗೆ ನಿಲ್ಲಬೇಕು.

ನನ್ನ ಕೈ ಹಿಡಿದವರು ಗುರಪ್ಪಣ್ಣ. ವಡಗಾವಿಯ ನೇಕಾರ, ಆಗಲೇ ಅರವತ್ತು ದಾಟಿದವರು, ಅಕ್ಷರ ಬಾರದವರು. ನನ್ನನ್ನು ಅವರಿಗೆ ಒಪ್ಪಿಸಿದಾಗ ನನಗೆ ಸ್ವಲ್ಪ ಇರುಸುಮುರುಸಾಗಿತ್ತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಒಂದು ಮಾತು ಹೇಳಿ ಲಾಳಿ ಎಸೆಯುವರು. ಲಾಳಿ ಆ ಕಡೆ ಮುಟ್ಟುವುದರೊಳಗೆ ನಾನು ತಿರುಗಿ ಹೇಳಬೇಕು.

"ಅವಸರ ಮಾಡಬ್ಯಾಡ್ರಿ ಮಾಸ್ತರ್ರ. ಎಳಿ ಹರದ್ರ ಕಟ್ಟಬೌದು. ಮಾತ ಹಂಗಲ್ಲ" ಎನ್ನುವರು.

ನಾನು ಸೇರಿದ ದಿನ ಒಂಬತ್ತನೆಯ ಮಾತಿನಲ್ಲಿ ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದರೂ ತಿರುಗಿ ಹೇಳಲು ಬಾಯಿ ಬರಲಿಲ್ಲ. ನಾಲಿಗೆ ಒಣಗಿತ್ತು. ಗುರಪ್ಪಣ್ಣ ಹೆಗಲನ್ನು ಮೆಲ್ಲಗೆ ಒತ್ತಿ, ಉಸಿರು ಬಿಟ್ಟಂತೆ ಮೊದಲಿನ ಎರಡು ಶಬ್ದ ಕೊಟ್ಟರು. ಎದುರಿಗೆ ಕೂತ ಯಾರಿಗೂ ತಿಳಿಯಲಿಲ್ಲ. ಮುಂದೊಮ್ಮೆ ಇನ್ನೊಬ್ಬ ಹೊಸಬ ಕಲಿಯುವಾಗ ತಪ್ಪಿದ್ದನ್ನು ನಾನು ಶಾಲೆಯಲ್ಲಿ ತಿದ್ದುವ ಹಾಗೆ ಗಟ್ಟಿಯಾಗಿ ತಿದ್ದಿದೆ. ಆತ ಕುಗ್ಗಿಹೋದ. ಗುರಪ್ಪಣ್ಣ ನನ್ನನ್ನು ಬದಿಗೆ ಕರೆದು, "ಮಾತ ಕೊಡೂದಿದ್ರ ಕಿವಿಗಿ ಕೊಡ್ರಿ, ಊರಿಗಿ ಕೊಡಬ್ಯಾಡ್ರಿ" ಎಂದರು. ನಾನು ತಲೆದೂಗಿದೆ. ಒಳಗೆ, ತಪ್ಪು ತಪ್ಪೇ ಅಲ್ಲವೇ ಎಂದುಕೊಂಡೆ.

ಆ ಚಳಿಗಾಲದಲ್ಲಿ ಖಾನಾಪುರದಲ್ಲಿ ಮಂಡಳಿಯ ಶಾಖೆ ಆರಂಭವಾಗುವುದಿತ್ತು. ಮೊದಲಿಗೆ ಸೇರುವವನು ಅಲ್ಲಿಯ ಬೀಡಿ ಎಂಬ ಹಳ್ಳಿಯ ಒಬ್ಬ ರೈತ, ಬಸಪ್ಪ. ಎರಡು ತಿಂಗಳು ವಡಗಾವಿಗೆ ಬಂದು ಹೋಗಿ ಗುರಪ್ಪಣ್ಣನ ಹತ್ತಿರವೇ ಕಲಿತಿದ್ದ. ನಾವು ಎಂಟು ಮಂದಿ ಬೆಳಗಿನ ರೈಲಿಗೆ ಹೊರಟೆವು. ಏರ್ಪಾಡೆಲ್ಲ ನನ್ನದು. ಸ್ಟೇಷನ್ನಿನಲ್ಲಿ ಗುರಪ್ಪಣ್ಣ, "ಎಲ್ಲಿಗಿ ಹೊಂಟೀವ್ರಿ ಮಾಸ್ತರ್ರ?" ಎಂದರು. ಹೇಳಿದೆ. ದೇಸೂರು ಸ್ಟೇಷನ್ ದಾಟಿದ ಮೇಲೆ ಮತ್ತೆ ಅದನ್ನೇ ಕೇಳಿದರು. "ಈಗರೆ ಹೇಳೀನೆಲ್ರಿ! ಖಾನಾಪುರಕ್ಕ!" ಎಂದು ಗದರಿದಂತೆ ಅಂದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಗ ನೋಡಿದೆ, ಅವರ ತುಟಿ ಅಲುಗುತ್ತಿತ್ತು. ಹನ್ನೊಂದು ಮಾತನ್ನು ಬೆರಳೆಣಿಸಿ ಹೇಳಿಕೊಳ್ಳುತ್ತಿದ್ದರು. ಆರನೆಯ ಬೆರಳಿಗೆ ಬಂದು ನಿಲ್ಲುವುದು, ಮತ್ತೆ ಮೊದಲಿನಿಂದ ಆರಂಭಿಸುವುದು.

ಖಾನಾಪುರದಲ್ಲಿ ಒಬ್ಬ ವ್ಯಾಪಾರಿಯ ಪಡಸಾಲೆ. ನಲವತ್ತು ಜನ ಸೇರಿದ್ದರು. ಮನೆಯ ಯಜಮಾನರು ಬಂದವರಿಗೆಲ್ಲ "ಯಾ, ಬಸಾ" ಎಂದು ಮರಾಠಿಯಲ್ಲಿ ಕರೆದು ಕೂಡಿಸಿ ಉಪಚಾರ ಮಾಡುತ್ತಿದ್ದರು. ಗುರಪ್ಪಣ್ಣ ಕಟ್ಟೆ ಹತ್ತಿ ಬಸಪ್ಪನ ಹೆಗಲ ಮೇಲೆ ಕೈಯಿಟ್ಟರು. ಆರು ಮಾತು ಸರಾಗವಾಗಿ ಆದವು. ಏಳನೆಯದಕ್ಕೆ ನಿಂತರು.

ಎಲ್ಲರೂ ಕಾದರು. ಬಸಪ್ಪನಿಗೆ ಮಾತು ಗೊತ್ತಿತ್ತು, ಆದರೆ ಹಿರಿಯ ಹೇಳದೆ ಅವನು ಹೇಳುವಂತಿರಲಿಲ್ಲ. ಗುರಪ್ಪಣ್ಣನ ಕಣ್ಣು ಸಭೆಯಲ್ಲಿ ಹುಡುಕಿ ಬಂದು ನನ್ನ ಮೇಲೆ ನಿಂತಿತು. ಮೂವತ್ತು ವರ್ಷ ಜನರ ಕೈ ಹಿಡಿದ ಮನುಷ್ಯ. ಇನ್ನೊಂದು ಗಳಿಗೆ ಕಳೆದಿದ್ದರೆ ಎಲ್ಲರೆದುರು ಆ ಕೈ ಕೆಳಗಿಳಿಯುತ್ತಿತ್ತು.

ನನ್ನ ಪಕ್ಕದಲ್ಲಿ ನೀರಿನ ತಂಬಿಗೆ ಇತ್ತು. ಎತ್ತಿಕೊಂಡು ನೆಟ್ಟಗೆ ಕಟ್ಟೆ ಹತ್ತಿದೆ. "ಗಂಟಲ ಒಣಗೇತಿ ಕಾಣ್ತದ, ನೀರ ಕುಡೀರಿ ಅಣ್ಣಾ" ಎಂದು ಗಟ್ಟಿಯಾಗಿ ಹೇಳಿ, ಅವರ ಎಡಹೆಗಲ ಮೇಲೆ ಕೈಯಿಟ್ಟು, ತಂಬಿಗೆಯನ್ನು ತುಟಿಗೆ ಹಿಡಿಯುವಾಗ ಕಿವಿಯಲ್ಲಿ ಎರಡು ಶಬ್ದ ಕೊಟ್ಟೆ. ಅವರು ಗುಟುಕು ನುಂಗಿ, ದನಿ ಏರಿಸಿ ಏಳನೆಯ ಮಾತು ಹೇಳಿದರು: "ಬಿದ್ದವನನ್ನು ಎತ್ತುವಾಗ ಯಾಕೆ ಬಿದ್ದೆ ಎಂದು ಕೇಳುವುದಿಲ್ಲ." ಮಂಡಳಿ ಮುಚ್ಚಿ ಎಷ್ಟೋ ವರ್ಷವಾದದ್ದರಿಂದ ಇದೊಂದನ್ನು ಬರೆದಿದ್ದೇನೆ. ಉಳಿದ ಹತ್ತನ್ನು ಬರೆಯುವುದಿಲ್ಲ.

ನಾನು ಕೆಳಗಿಳಿಯಲಿಲ್ಲ. ಪ್ರತಿ ಮಾತಿಗೂ ಒಂದು ಗುಟುಕು ನೀರು, ಕಿವಿಗೆ ಎರಡು ಶಬ್ದ. ಹಿಂದಿನ ಸಾಲಿನಿಂದ ಯಾರೋ, "ಏ, ಮುದುಕಪ್ಪ ಮಲಪ್ರಭಾ ಹೊಳೀನs ಕುಡದ ಏಳಾಂವ ಇವತ್ತ" ಎಂದರು. ಜನ ನಕ್ಕರು. ಅದೂ ಒಳ್ಳೆಯದೇ ಆಯಿತು. ಹನ್ನೊಂದೂ ಮುಗಿದವು. ಬಸಪ್ಪ ಗುರಪ್ಪಣ್ಣನ ಕಾಲು ಮುಟ್ಟಿದ.

ನಮ್ಮ ಅಧ್ಯಕ್ಷರು ವಕೀಲರು. ಸಭೆ ಮುಗಿದೊಡನೆ ನನ್ನನ್ನು ಎಲ್ಲರೆದುರು ಎಬ್ಬಿಸಿದರು.

"ಏನ್ರಿ ಮಾಸ್ತರ್ರ, ಟೈಮು, ನೇಮು ಅಂತ ನಮಗೆಲ್ಲಾ ಪಾಠಾ ಹೇಳಾವ್ರು ನೀವು. ನೀವs ಕಟ್ಟಿ ಹತ್ತೀರಲ್ಲಾ?"

"ಅವರಿಗಿ ನೀರಡಿಸಿತ್ರಿ."

"ಕೊಟ್ಟು ಇಳೀಬೇಕಾಗಿತ್ತು. ಅಲ್ಲೇ ನಿಂದ್ರೂ ಕೆಲಸಾ ಏನಿತ್ತು?"

ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡು, "ತಪ್ಪಾತ್ರಿ" ಎಂದೆ.

"ಮೂರು ರವಿವಾರ ಬಾಗಲಾ" ಎಂದರು. ಆಗಲೇ ನನಗೆ, ಕೈ ಹಿಡಿದ ಅಣ್ಣನೂ ನಿಲ್ಲಬೇಕೆಂಬ ನೇಮ ನೆನಪಾದದ್ದು. ಅಧ್ಯಕ್ಷರಿಗೂ ನೆನಪಾಗಿರಬೇಕು, ದನಿ ಇಳಿಸಿ, "ಗುರಪ್ಪಣ್ಣಾ, ನಿಮಗ ವಯಸ್ಸಾಗೇದ. ನೀವು ನಿಂದ್ರೂದು ಬ್ಯಾಡ" ಎಂದರು.

ಗುರಪ್ಪಣ್ಣ ಎದ್ದರು. "ಕೈ ಹಿಡದಾಂವ ನಾನು. ನಾನೂ ನಿಂದರ್ತೀನ್ರಿ" ಎಂದರು.

ತಿರುಗಿ ಬರುವಾಗ ರೈಲಿನಲ್ಲಿ ಗುರಪ್ಪಣ್ಣ ನನ್ನ ಪಕ್ಕದಲ್ಲೇ ಕೂತರು. ನನ್ನ ಮೊಣಕಾಲು ತಟ್ಟಿ, "ಇನ್ನ ಮ್ಯಾಲ ನಾ ಯಾರ ಕೈನೂ ಹಿಡಿಯೂದಿಲ್ಲ ಮಾಸ್ತರ್ರ. ನೀವು ಹಿಡೀರಿ. ಕಿವಿಗಿ ಕೊಡೂದು ನಿಮಗ ಬಂತು" ಎಂದರು. ಬೆಳಿಗ್ಗೆ ಗದರಿದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಎರಡು ರವಿವಾರ ನಾವಿಬ್ಬರೂ ವಡಗಾವಿಯ ಆ ಬಾಗಿಲಲ್ಲಿ ನಿಂತೆವು. ಒಳಗೆ ಹೋಗುವವರು, "ಮಾಸ್ತರ್ರ, ಹಾಜರಿ ತಗೊಳ್ಳಾಕ ನಿಂತೀರೇನ್ರಿ?" ಎಂದು ಕೆಣಕಿ ಹೋಗುವರು. ನಾನು ನಗುತ್ತಿದ್ದೆ. ಗುರಪ್ಪಣ್ಣ ಆಸರೆಗೆಂದು ನನ್ನ ಎಡಹೆಗಲ ಮೇಲೆ ಕೈಯಿಟ್ಟಿರುತ್ತಿದ್ದರು.

ಮೂರನೆಯ ರವಿವಾರ, ಸಭೆ ಅರ್ಧವಾಗಿದ್ದಾಗ, ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಮಾಸ್ತರ್ರ, ನಾವ್ಯಾಕ ಇಲ್ಲಿ ನಿಂತೀವಿ?"

ತಪ್ಪು ಕಂಡರೆ ತಿದ್ದದೆ ಬಿಟ್ಟವನಲ್ಲ ನಾನು. ಅಂದು ಬಿಟ್ಟೆ. ಅವರ ಕಿವಿಯ ಹತ್ತಿರ ಬಾಗಿ, "ಬೀಡಿ ಬಸಪ್ಪ ಬರಾಂವ ಅದಾನ್ರಿ ಅಣ್ಣಾ. ಹಾದಿ ನೋಡಾಕತ್ತೀವಿ" ಎಂದೆ.

ಅವರ ಮುಖ ಅರಳಿತು. "ಛಲೋ ಹುಡುಗ ಅಂವ. ಹಂಗಾದ್ರ ನಿಂದ್ರೂಣು" ಎಂದರು.

ಮುಂದೆ ನಾನು ಅನೇಕರ ಕೈ ಹಿಡಿದೆ, ಸಾವಿರಾರು ಮಕ್ಕಳಿಗೆ ಕಲಿಸಿದೆ. ಅದಾದ ಮೇಲೆ ತರಗತಿಯಲ್ಲಿ ಯಾವ ಮಗು ಪದ್ಯದ ನಡುವೆ ನಿಂತರೂ ಎದ್ದು ಅದರ ಹತ್ತಿರ ಹೋಗಿ ಹೇಳಿಕೊಟ್ಟಿದ್ದೇನೆ, ಕುರ್ಚಿಯಿಂದ ಕೂಗಿ ಹೇಳಿಲ್ಲ. ಈಗ ನನಗೂ ಕೆಲವು ಹೆಸರುಗಳು ಹೊಳೆಯುವುದಿಲ್ಲ. ಆಗೆಲ್ಲ ಎಡಹೆಗಲ ಮೇಲೆ ಆ ಕೈಯ ಭಾರ ಇನ್ನೂ ಇದೆ ಎನ್ನಿಸುತ್ತದೆ. ಹೆದರಿಕೆ ಆಗುವುದಿಲ್ಲ.