ತೊಂಬತ್ತು ಡಿಗ್ರಿಯಲ್ಲಿ ಯಾರೂ ಬರುವುದಿಲ್ಲ

ಹುಮನಾಬಾದಿನ ಪದವಿ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಳೆದ ವರ್ಷ ಅಂತಿಮ ತರಗತಿಯಲ್ಲಿ ಪಾಠ ಮುಗಿದ ಮೇಲೂ ಪ್ರಶ್ನೆ ಉಳಿಸಿಕೊಂಡಿರುತ್ತಿದ್ದವಳು ಒಬ್ಬಳೇ. ಮನ್ನಾಏಖೇಳ್ಳಿಯಿಂದ ಬರುತ್ತಿದ್ದ ಹುಡುಗಿ. ಅವಳು ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆಯಬೇಕೆಂದು ನನ್ನ ಆಸೆ. ಅವಳಿಗೂ ಇತ್ತು. ಸಂಜೆ ಪಠ್ಯದಲ್ಲಿಲ್ಲದ್ದನ್ನು ಅವಳೊಬ್ಬಳಿಗೇ ಹೇಳಿಕೊಡುತ್ತಿದ್ದೆ.

ಒಂದು ಸಂಜೆಯ ಪಾಠ: ಎರಡು ಎಲೆಕ್ಟ್ರಾನ್‌ಗಳ ಡಿಕ್ಕಿ. ಸ್ಪಿನ್ ಎಂದರೆ ಬುಗುರಿಯಂತೆ ತಿರುಗುವುದಲ್ಲ, ಕಣದ ಜೊತೆಗೇ ಇರುವ ಗುಣ ಎಂದು ಮೊದಲೇ ಹೇಳಿದ್ದೆ. ಎರಡರ ಸ್ಪಿನ್ನೂ ಒಂದೇ ದಿಕ್ಕಿಗಿದ್ದರೆ ಯಾವುದು ಯಾವುದೆಂದು ಗುರುತಿಸಲಾಗದು. ಎದುರುಬದುರು ಬಂದು ಡಿಕ್ಕಿಯಾದ ಮೇಲೆ ಪಕ್ಕದಲ್ಲಿಟ್ಟ, ಕಣ ಪತ್ತೆಹಚ್ಚುವ ಯಂತ್ರಕ್ಕೆ ಒಂದು ಕಣ ತಾಗಿದರೆ, ಅದು ಎಡದಿಂದ ಬಂದದ್ದೋ ಬಲದಿಂದ ಬಂದದ್ದೋ ಹೇಳುವಂತಿಲ್ಲ. ಎರಡೂ ದಾರಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಎಲೆಕ್ಟ್ರಾನ್‌ಗಳಾದ್ದರಿಂದ ಒಂದರಲ್ಲಿ ಇನ್ನೊಂದನ್ನು ಕಳೆಯಬೇಕು. ಸರಿಯಾಗಿ ತೊಂಬತ್ತು ಡಿಗ್ರಿಯಲ್ಲಿ ಎರಡೂ ಸಮ. ಬೋರ್ಡಿನ ಮೇಲೆ ಅವಳೇ ಕಳೆದಳು. ಸೊನ್ನೆ ಬಂತು. ಎಂದರೆ ಆ ಕೋನದಲ್ಲಿ ಕಣ ಸಿಗುವುದೇ ಇಲ್ಲ.

"ಎರಡೂ ದಾರಿ ತೆರದ ಅವ. ಆದ್ರೂ ಯಾರೂ ಬರಂಗಿಲ್ಲ?"

"ಯಾರೂ ಬರಂಗಿಲ್ಲ."

ಅವಳು ಚಾಕ್ ಕೆಳಗಿಟ್ಟು ನಕ್ಕಳು. "ನಮ್ಮ ಮನ್ಯಾಗೂ ಅದಲಿಬದಲಿ ನಡದದ ಮೇಡಂ. ನಮ್ಮಣ್ಣಗ ಆ ಮನಿ ಹುಡುಗಿ, ಆಕಿ ಅಣ್ಣಗ ನಾನು."

ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧ ನಮ್ಮ ಕಡೆ ಹೊಸದಲ್ಲ. ಎರಡೂ ಮದುವೆ ನಿಶ್ಚಯವಾಗಿದ್ದು ಪ್ರವೇಶ ಪರೀಕ್ಷೆಯ ವಾರಕ್ಕೇ. ನಾನು ಪಾಠಕ್ಕೇ ಮರಳಿದೆ.

"ಈ ನಿಯಮ ಗುರುತು ಹಿಡಿಯಾಕ ಬರಲಾರದ ಕಣಗಳಿಗಷ್ಟೇ. ನೀನ ಬ್ಯಾರೆ, ಆಕಿನ ಬ್ಯಾರೆ."

"ಅದು ನಿಮಗ ಗೊತ್ತದರಿ," ಎಂದಳು.

ಆ ಶನಿವಾರ ಅವರ ಮನೆಗೆ ಹೋದೆ. ತಾಯಿ ಚಹಾ ತಂದರು. ಮದುವೆ ಬೇಡ ಎನ್ನಲಿಲ್ಲ ನಾನು. ಒಂದು ವಾರ ಮುಂದೂಡಿದರೆ ಹುಡುಗಿ ಪರೀಕ್ಷೆ ಬರೆಯುತ್ತಾಳೆ ಎಂದೆ.

"ಆ ಮನ್ಯಾಗೂ ಒಬ್ಬಾಕಿ ಕಾಯಾಕತ್ತಾಳ್ರಿ. ಇಕಿ ನಿಂತ್ರ ಆಕಿನೂ ನಿಂತ್ಲು. ಆಕಿ ಏನ್ ತಪ್ಪು ಮಾಡ್ಯಾಳ?" ಎಂದರು ತಾಯಿ. ಕಪ್ಪನ್ನು ನನ್ನತ್ತ ಸರಿಸಿ ಕೇಳಿದರು: "ಓದಿ ಏನಾಗ್ತಾಳ್ರಿ?"

"ನನ್ನಂಗ ಕಲಿಸ್ತಾಳ."

"ನಿಮ್ಮ ನೌಕರಿ ಪರ್ಮನೆಂಟ್ ಆಗ್ಯಾದೇನು?"

"ಇಲ್ರಿ."

"ಲಗ್ನ?"

"ಇಲ್ರಿ."

"ಚಹಾ ಕುಡೀರಿ, ಆರ್ತದ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು. ಕಾಣದ ಆ ಇನ್ನೊಬ್ಬ ಹುಡುಗಿಯ ಪರವಾಗಿ ಅವರು ಆಡಿದ ಮಾತಂತೂ ನ್ಯಾಯವಾದದ್ದೇ. ಚಹಾ ಮುಗಿಸಿ ಎದ್ದೆ.

ಬಸ್‌ಸ್ಟಾಪಿನವರೆಗೆ ಹುಡುಗಿ ಜೊತೆಗೆ ಬಂದಳು. "ಇನ್ನ ಬರಬ್ಯಾಡ್ರಿ ಮೇಡಂ. ನೀವು ಬಂದ್ರ ನನಗ ಮತ್ತ ಆಸಿ ಹುಟ್ತದ."

ಅವಳು ಪರೀಕ್ಷೆ ಬರೆಯಲಿಲ್ಲ. ಈ ವರ್ಷದವರು ಪ್ರಶ್ನೆಪತ್ರಿಕೆಗೆ ಬರುವಷ್ಟನ್ನೇ ಕೇಳುತ್ತಾರೆ. ನಾನೂ ಅಷ್ಟನ್ನೇ ಹೇಳುತ್ತೇನೆ.